ಯಗಣದ ಬಾಲ ಕೇಳಿಸಿಕೊಳ್ಳಿ: ಐಸ್‌ಬ್ರೇಕರ್ ಹಿಂದೆ ಹೋಗುವ ಹುಡುಗರಿಗೆ ಸಿಗ್ನಲ್ ಪಾಠ

ನಮ್ಮ ಕುಂಬಳೆ ಕಡೆ ಐಸ್ ಅಂದರೆ ಮೀನಿಗೆ ಹಾಕುವ ಐಸ್. ಪ್ಲಾಂಟಿನಿಂದ ಗಡ್ಡೆ ಬರುತ್ತದೆ, ಕುಟ್ಟಿ ಪುಡಿ ಮಾಡಿ ಬಂಗುಡೆಯ ಮೇಲೆ ಸುರಿಯುತ್ತಾರೆ, ಸಂಜೆಗೆ ನೀರಾಗಿ ಚರಂಡಿ ಸೇರುತ್ತದೆ. ಕಡಲೇ ಗಡ್ಡೆ ಕಟ್ಟಿ ನಿಂತದ್ದನ್ನು ನಾನು ಮೊದಲು ನೋಡಿದ್ದು ಸ್ವೀಡನ್ನಿಗೂ ಫಿನ್ಲೆಂಡಿಗೂ ನಡುವಿನ ಬೋತ್ನಿಯಾ ಕೊಲ್ಲಿಯಲ್ಲಿ. ಆಗ ನಾನು ಎಬಿ, ಅಂದರೆ ಡೆಕ್ಕಿನ ಅನುಭವಿ ಖಲಾಸಿ. ಆಮೇಲೆ ಬೋಸನ್, ಅಂದರೆ ಖಲಾಸಿಗಳ ಮೇಸ್ತ್ರಿ, ಆದೆ, ಈಗ ಕೆಲಸ ಬಿಟ್ಟು ಮನೆಯಲ್ಲಿ ತೆಂಗಿನ ಬುಡ ಬಿಡಿಸುತ್ತಿದ್ದೇನೆ.

ಅಕ್ಕನ ಮಗ ಸಿಡಿಸಿ, ಅಂದರೆ ನಾವಿಕನ ಗುರುತಿನ ಪುಸ್ತಕ, ಮಾಡಿಸಿಕೊಂಡಿದ್ದಾನೆ. ದೀಪಾವಳಿ ಕಳೆದ ಮೇಲೆ ಸೈನ್ ಆನ್ ಮಾಡಿ ಹಡಗು ಹತ್ತುತ್ತಾನೆ, ಮೊದಲ ಕಾಂಟ್ರಾಕ್ಟೇ ಆ ಕೊಲ್ಲಿ ಇರುವ ಬಾಲ್ಟಿಕ್ ಕಡಲಿಗೆ. ಮೊನ್ನೆ ಮನೆಗೆ ಬಂದವನು ಕೇಳಿದ: "ಮಾವ, ಐಸ್‌ನಲ್ಲಿ ಹಡಗುಗಳು ಒಂದೊಂದು ಅಕ್ಷರದಲ್ಲಿ ಮಾತಾಡ್ತಾವೆ ಅಂತೆ. ಅದೆಂತಕ್ಕೆ, ವಿಎಚ್‌ಎಫ್ ಇಲ್ವಾ?"

ಉಂಟು. ದಿನದ ಮಾತುಕತೆ ಹೆಚ್ಚಾಗಿ ನಡೆಯುವುದೂ ಆ ರೇಡಿಯೋದಲ್ಲೇ. ಆದರೆ ಗಡ್ಡೆ ಸೀಳಿ ಕಾಲುವೆ ಮಾಡಿಕೊಡುತ್ತಾ ಮುಂದೆ ಹೋಗುವ ಐಸ್‌ಬ್ರೇಕರಿನ ಕ್ಯಾಪ್ಟನ್ ಫಿನ್ಲೆಂಡಿನವನು, ನಿಮ್ಮ ಸೆಕೆಂಡ್ ಆಫೀಸರ್ ಫಿಲಿಪೀನ್ಸಿನವನು, ಹಿಂದಿನ ಹಡಗಿನವನು ಟರ್ಕಿಯವನು. ಮೂವರ ಇಂಗ್ಲಿಷೂ ಮೂರು ಬಗೆ. ಹಿಮ ಸುರಿಯುವಾಗ, ಎಂಜಿನ್ ನಡುಗುವಾಗ, ಗಾಬರಿಯಲ್ಲಿ ಹೇಳಿದ ಉದ್ದ ವಾಕ್ಯ ಯಾರ ಕಿವಿಗೂ ನೆಟ್ಟಗೆ ಬೀಳುವುದಿಲ್ಲ. ಬಂದರಿನಲ್ಲಿ ಕ್ರೇನಿನವನಿಗೆ ನಾವು 'ಹಬೀಸ್', 'ಆರಿಯಾ' ಅಂದಷ್ಟೇ ಹೇಳುತ್ತೇವಲ್ಲ, ಅವನು ಬಿಹಾರಿಯಾದರೂ ಬ್ಯಾರಿಯಾದರೂ ಎತ್ತುತ್ತಾನೆ, ಇಳಿಸುತ್ತಾನೆ. ಇದೂ ಅಂಥದ್ದೇ. ಅಂತಾರಾಷ್ಟ್ರೀಯ ಸಂಜ್ಞಾ ಸಂಹಿತೆಯಲ್ಲಿ ಐಸ್‌ಬ್ರೇಕರಿಗೂ ಅದರ ಹಿಂದೆ ಬರುವ ಹಡಗಿಗೂ ಅಂತಲೇ ಬೇರೆ ಪಟ್ಟಿ ಇದೆ. ಈ ಸಂಹಿತೆ ಈಗಿನ ರೂಪದಲ್ಲಿ 1969ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾರ್ನ್, ದೀಪ, ರೇಡಿಯೋ, ಯಾವುದರಲ್ಲಿ ಕೊಟ್ಟರೂ ಅರ್ಥ ಒಂದೇ.

ಮೊದಲ ಹಂತ: ಮಂಜು ಮುಟ್ಟುವ ಮೊದಲೇ

ಐಸ್ ಅಂಚು ತಲಪುವ ಒಂದು ದಿನ ಮೊದಲೇ ಹಾರ್ನ್ ಪರೀಕ್ಷಿಸಿ. ಗಾಳಿಯ ಹಾರ್ನ್ ಆದರೆ ಪೈಪಿನಲ್ಲಿ ನಿಂತ ತೇವ ಹೆಪ್ಪುಗಟ್ಟಿ ಬಾಯಿ ಕಟ್ಟುತ್ತದೆ. ಪೈಪಿನ ನೀರು ಬಸಿಯಿರಿ, ಹೀಟರ್ ಇದ್ದರೆ ಹಾಕಿಡಿ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಬ್ಯಾಟರಿ ಚಳಿಗೆ ಬೇಗ ಕೂರುತ್ತದೆ, ಬದಲಿ ಬ್ಯಾಟರಿಯನ್ನು ಜಾಕೆಟಿನ ಒಳಜೇಬಿನಲ್ಲಿ ಮೈ ಶಾಖಕ್ಕೆ ಇಟ್ಟುಕೊಳ್ಳಿ. ಸರ್ಚ್‌ಲೈಟ್ ತಿರುಗುತ್ತದೋ ನೋಡಿ.

ಆರ್ಕ್ಟಿಕ್, ಅಂಟಾರ್ಕ್ಟಿಕ್ ನೀರಿಗೆ ಹೋಗುವ ಹಡಗಿಗೆ 2017ರ ಜನವರಿ 1ರಿಂದ ಪೋಲಾರ್ ಕೋಡ್ ಎಂಬ ಅಂತಾರಾಷ್ಟ್ರೀಯ ನಿಯಮಾವಳಿ ಅನ್ವಯಿಸುತ್ತದೆ. ಅದರ ಪ್ರಕಾರ ಐಸ್‌ಬ್ರೇಕರ್ ಜೊತೆ ಸಾಗುವ ಹಡಗಿನಲ್ಲಿ ಕೈಯಿಂದ ಹಾಕುವ ಮಿನುಗು ಕೆಂಪು ದೀಪ ಇರಬೇಕು. 'ನಾನು ನಿಂತಿದ್ದೇನೆ' ಅಂತ ಹಿಂದಿನವರಿಗೆ ತೋರಿಸುವ ದೀಪ ಅದು, ಹಿಂದಿನಿಂದ ಕನಿಷ್ಠ 2 ನಾಟಿಕಲ್ ಮೈಲು ಕಾಣಬೇಕು. ದಾರಿ ಬಿಡಿಸುವ ಐಸ್‌ಬ್ರೇಕರಿಗೆ ಹಿಮ್ಮುಖವಾಗಿ ಕೂರಿಸಿದ ಹಾರ್ನ್ ಕಡ್ಡಾಯ. ಬಾಲ್ಟಿಕ್ ಈ ಕೋಡಿನ ಗಡಿಯೊಳಗೆ ಬರುವುದಿಲ್ಲ, ಅಲ್ಲಿ ನಡೆಯುವುದು ಫಿನ್ನಿಷ್–ಸ್ವೀಡಿಷ್ ಐಸ್ ಕ್ಲಾಸಿನ ಲೆಕ್ಕ, ಅಂದರೆ ಹಡಗು ಎಷ್ಟು ಗಡ್ಡೆ ತಡೆಯುತ್ತದೆ ಅನ್ನುವ ದರ್ಜೆ. ಆದರೂ ಕೆಂಪು ದೀಪ ಅಲ್ಲಿನ ಐಸ್‌ಬ್ರೇಕರುಗಳ ಮೇಲೂ ಇದೆ. ಅದರ ಕತೆಗೆ ಆಮೇಲೆ ಬರುತ್ತೇನೆ.

ಇನ್ನೊಂದು ಕೆಲಸ: ಅಕ್ಷರಗಳ ಪಟ್ಟಿಯನ್ನು ನಿಮ್ಮ ಕೈಯಾರೆ ಬರೆದು ವಿಎಚ್‌ಎಫ್ ಪಕ್ಕ ಅಂಟಿಸಿ. ಪುಸ್ತಕ ಕಪಾಟಿನಲ್ಲಿ ಇರುತ್ತದೆ ನಿಜ, ಆದರೆ ಬೇಕಾದ ಹೊತ್ತಿಗೆ ಯಾರೂ ಕಪಾಟು ತೆರೆಯುವುದಿಲ್ಲ.

ಎರಡನೆಯ ಹಂತ: ಭಾಷೆ ಬದಲಾದದ್ದನ್ನು ಗುರುತಿಸಿ

ಕಾಸರಗೋಡಿನವರಿಗೆ ಇದನ್ನು ವಿವರಿಸುವುದು ಸುಲಭ. ಹೊಸ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ 'ಪಟ್ಟಿ' ಅಂದರೆ, ಕನ್ನಡ ಮಾತಾಡುತ್ತಿದ್ದರೆ ಸಾಮಾನಿನ ಚೀಟಿ, ಮಲಯಾಳಂ ಮಾತಾಡುತ್ತಿದ್ದರೆ ನಾಯಿ. ಶಬ್ದ ಅದೇ. ಯಾವ ಭಾಷೆ ನಡೆಯುತ್ತಿದೆ ಅನ್ನುವುದು ಮೊದಲು ಗೊತ್ತಿರಬೇಕು.

ಹಡಗಿನ ಅಕ್ಷರಗಳೂ ಹಾಗೆಯೇ. ಮಾಮೂಲಿ ಕಡಲಿನಲ್ಲಿ ಎಚ್ ಅಂದರೆ 'ನನ್ನ ಹಡಗಿನಲ್ಲಿ ಪೈಲಟ್ (ಬಂದರಿನ ದಾರಿ ತೋರಿಸುವವನು) ಇದ್ದಾನೆ'. ಐಸ್‌ನಲ್ಲಿ ಎಚ್ ಅಂದರೆ 'ಎಂಜಿನ್ ಹಿಂದಕ್ಕೆ ಹಾಕು'. ಮಾಮೂಲಿ ಎ ಅಂದರೆ 'ನೀರಿನೊಳಗೆ ಡೈವರ್ ಇದ್ದಾನೆ, ದೂರವಿರಿ', ಐಸ್‌ನ ಎ ಅಂದರೆ 'ಮುಂದೆ ಹೋಗು'. ಎಂಥ ಎಡವಟ್ಟು ನೋಡಿ. ಐಸ್ ಪಟ್ಟಿಯ ಹತ್ತು ಅಕ್ಷರಗಳಲ್ಲಿ ಹೊರಗಿನ ಅರ್ಥವನ್ನೇ ಉಳಿಸಿಕೊಂಡದ್ದು ಎಲ್ ಒಂದೇ: 'ಹಡಗನ್ನು ಈ ಕ್ಷಣ ನಿಲ್ಲಿಸು'.

ಭಾಷೆ ಬದಲಾಯಿತು ಅಂತ ಸಾರುವ ಸಿಗ್ನಲ್ ಡಬ್ಲ್ಯೂಎಮ್. ರೇಡಿಯೋದಲ್ಲಿ 'ವಿಸ್ಕಿ ಮೈಕ್' ಅನ್ನುತ್ತಾರೆ. ಐಸ್‌ಬ್ರೇಕರ್ ನೆರವು ಈಗ ಶುರು, ಇನ್ನು ವಿಶೇಷ ಸಿಗ್ನಲ್‌ಗಳನ್ನೇ ಬಳಸಿ, ಹಾರ್ನ್, ದೀಪ, ರೇಡಿಯೋ ಮೂರರ ಮೇಲೂ ಬಿಡದೆ ಕಿವಿ–ಕಣ್ಣು ಇಡಿ ಅಂತ ಅದರ ಅರ್ಥ. ಡಬ್ಲ್ಯೂಎಮ್ ಬಂದ ಹೊತ್ತನ್ನು ಲಾಗ್ ಪುಸ್ತಕದಲ್ಲಿ ಬರೆಸಿ. ಮುಂದಿನ ಪಾಳಿಯ ವಾಚ್‌ಗೆ ಬರುವವನಿಗೆ, ಅವನು ಕಾಫಿ ಲೋಟ ಕೆಳಗಿಡುವ ಮೊದಲೇ, ಬಾಯಿಬಿಟ್ಟು ಹೇಳಿ.

ಮೂರನೆಯ ಹಂತ: ಕಿರು–ದೀರ್ಘವನ್ನು ಬಾಯಿಪಾಠ ಮಾಡಿ

ನಾನು ಕಲಿತದ್ದು ಕನ್ನಡ ಮೀಡಿಯಂ ಶಾಲೆಯಲ್ಲಿ. ಪಂಡಿತರು ಛಂದಸ್ಸು ಹೇಳಿಕೊಡುವಾಗ ಇದರಿಂದ ಮೂರು ಕಾಸು ಹುಟ್ಟದು ಅಂತ ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದೆವು. ಕಡಲ ಮೇಲೆ ಅಕ್ಷರಗಳನ್ನು ಚುಕ್ಕೆ–ಗೆರೆಯಲ್ಲಿ ಹೇಳುವ ಮೋರ್ಸ್ ಕಲಿಯಲು ಕೂತಾಗ ನೋಡಿದರೆ ಅದೇ ಪ್ರಸ್ತಾರ! ಮೋರ್ಸಿನ ಚುಕ್ಕೆಯೇ ಲಘು, ಗೆರೆಯೇ ಗುರು. 'ಯಮಾತಾರಾಜಭಾನಸಲಗಂ' ಬಾಯಿಗೆ ಬರುವವನಿಗೆ ಮೂರು ತುಂಡಿನ ಎಂಟು ಅಕ್ಷರಗಳೂ ಬಿಟ್ಟಿ ಸಿಗುತ್ತವೆ. ಒಂದು ವ್ಯತ್ಯಾಸ ಮಾತ್ರ ಇದೆ. ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆ, ಮೋರ್ಸಿನಲ್ಲಿ ಗೆರೆಗೆ ಮೂರು ಚುಕ್ಕೆಯ ಹೊತ್ತು. ಆದ್ದರಿಂದ ದೀರ್ಘವನ್ನು ಪದ್ಯ ಓದುವುದಕ್ಕಿಂತ ಇನ್ನಷ್ಟು ಎಳೆಯಿರಿ.

ಪಟ್ಟಿ ಹೀಗೆ, ∪ ಅಂದರೆ ಕಿರುಸದ್ದು, – ಅಂದರೆ ದೀರ್ಘ. ಐಸ್‌ಬ್ರೇಕರ್ ಕೊಟ್ಟರೆ ಅಪ್ಪಣೆ, ಅದೇ ಅಕ್ಷರವನ್ನು ನೀವು ತಿರುಗಿ ಕೊಟ್ಟರೆ 'ಮಾಡುತ್ತಿದ್ದೇನೆ' ಅನ್ನುವ ಉತ್ತರ.

ಎ ( ∪ – ): ಸೀಳಿದ ಕಾಲುವೆಯಲ್ಲಿ ಮುಂದೆ ಹೋಗು.
ಜಿ ( – – ∪ ), ಅಂದರೆ ತಗಣ: ನಾನು ಮುಂದೆ ಹೋಗುತ್ತೇನೆ, ಹಿಂದೆ ಬಾ.
ಜೆ ( ∪ – – – ): ನನ್ನ ಹಿಂದೆ ಬರಬೇಡ, ಕಾಲುವೆ ಹಿಡಿದೇ ಹೋಗು.
ಪಿ ( ∪ – – ∪ ): ವೇಗ ಇಳಿಸು.
ಎನ್ ( – ∪ ): ಎಂಜಿನ್ ನಿಲ್ಲಿಸು.
ಎಚ್ ( ∪ ∪ ∪ ∪ ): ಎಂಜಿನ್ ಹಿಂದಕ್ಕೆ ಹಾಕು.
ಎಲ್ ( ∪ – ∪ ∪ ): ಹಡಗನ್ನು ಈ ಕ್ಷಣ ನಿಲ್ಲಿಸು.
4 ( ∪ ∪ ∪ ∪ – ): ನಿಲ್ಲು, ನಾನು ಐಸ್‌ನಲ್ಲಿ ಸಿಕ್ಕಿಬಿದ್ದಿದ್ದೇನೆ.
ಕ್ಯೂ ( – – ∪ – ): ನಡುವಿನ ಅಂತರ ಕಡಿಮೆ ಮಾಡು.
ಬಿ ( – ∪ ∪ ∪ ): ಅಂತರ ಹೆಚ್ಚು ಮಾಡು.
5 ( ∪ ∪ ∪ ∪ ∪ ): ಗಮನ!
ವೈ ( – ∪ – – ): ಎಳೆಯುವ ಹಗ್ಗ ಹಿಡಿಯಲು, ಅಥವಾ ಬಿಡಲು, ತಯಾರಾಗು.

ರೇಡಿಯೋದಲ್ಲಿ 4ಕ್ಕೆ 'ಕಾರ್ಟೆಫೋರ್', 5ಕ್ಕೆ 'ಪಾಂಟಾಫೈವ್' ಅನ್ನುವುದೂ ಉಂಟು. ಮೊದಲ ಸಲ ಕೇಳಿದಾಗ ಯಾವುದೋ ಗ್ರೀಕ್ ಅಡಿಗೆಯ ಹೆಸರು ಅಂದುಕೊಂಡಿದ್ದೆ.

ಇನ್ನು ಇದರೊಳಗಿನ ಹೊಂಡಗಳು. ಜೆ ಮತ್ತು ಪಿ ಎರಡೂ ಯಗಣದಿಂದಲೇ ( ∪ – – ) ಶುರುವಾಗುತ್ತವೆ, ಬೇರೆಯಾಗುವುದು ಬಾಲದಲ್ಲಿ ಮಾತ್ರ. ಬಾಲ ದೀರ್ಘವಾದರೆ 'ಹಿಂದೆ ಬರಬೇಡ', ಕಿರಿದಾದರೆ 'ನಿಧಾನ'. ನನ್ನ ಹಿಂದೆ ಬರಬೇಡ ಅನ್ನುವ ಜೆ ಏಕೆ ಬೇಕು ಅಂತ ಕೇಳಬಹುದು. ಸಾಲಿನಲ್ಲಿ ಹಿಂದೆ ಯಾವುದೋ ಹಡಗು ಸಿಕ್ಕಿಬಿದ್ದರೆ ಅದನ್ನು ಬಿಡಿಸಲು ಐಸ್‌ಬ್ರೇಕರ್ ಕಾಲುವೆ ಬಿಟ್ಟು ಪಕ್ಕಕ್ಕೆ ಹೊರಳುತ್ತದೆ. ಆಗ ನೀವೂ ಬಾಲದ ಹಾಗೆ ಹೊರಳಿದರೆ ಒಡೆಯದ ಗಡ್ಡೆಗೆ ನುಗ್ಗುತ್ತೀರಿ, ಮತ್ತೆ ಅದು ನಿಮ್ಮನ್ನೂ ಬಿಡಿಸಬೇಕು. ಅರ್ಧ ಕೇಳಿ ಪಿ ಅಂದುಕೊಂಡರೆ ನಿಧಾನವಾಗುತ್ತೀರಿ, ನಿಂತೂಬಿಡುತ್ತೀರಿ. ಐಸ್‌ನಲ್ಲಿ ನಿಂತರೆ ಮತ್ತೆ ಹೊರಡುವುದು ಹರಸಾಹಸ. ಹಾಗಾಗಿ ಯಗಣ ಕೇಳಿದ ಕೂಡಲೇ ಉಸಿರು ಹಿಡಿದು ಬಾಲಕ್ಕೆ ಕಾಯಿರಿ.

ಜಿ ಮತ್ತು ಕ್ಯೂ ಕೂಡ ಅಣ್ಣತಮ್ಮಂದಿರು, ತಗಣದ ಮೇಲೆ ಒಂದು ಗುರು ಬಿದ್ದರೆ ಕ್ಯೂ. ಅಲ್ಲಿ ಎಡವಿದರೂ ಅಪಾಯ ಕಡಿಮೆ, ಎರಡೂ ಹತ್ತಿರ ಕರೆಯುವವೇ. ಎ ಮತ್ತು ಎನ್ ಒಂದಕ್ಕೊಂದು ಕನ್ನಡಿ. ಲಘು–ಗುರು ಅಂದರೆ ಹೋಗು, ಗುರು–ಲಘು ಅಂದರೆ ಎಂಜಿನ್ ನಿಲ್ಲಿಸು. ಸದ್ದು ತಿರುಗಿದಂತೆ ಅರ್ಥವೂ ತಿರುಗಿದೆ, ನೆನಪಿಡಲು ಇದಕ್ಕಿಂತ ಸಲೀಸು ಇಲ್ಲ.

ಬರೀ ಕಿರುಸದ್ದುಗಳ ಗುಂಪು ನಿಜವಾಗಿ ಕಾಡುವುದು. ಮೂರು ಕಿರುಸದ್ದು, ಅಂದರೆ ನಗಣ, ಎಸ್ ಅಕ್ಷರ. ಅದು ಅಪ್ಪಣೆಯಲ್ಲ, 'ನನ್ನ ಎಂಜಿನ್ ಹಿಂದಕ್ಕೆ ತಿರುಗುತ್ತಿದೆ' ಅನ್ನುವ ಸುದ್ದಿ. ನಾಲ್ಕಾದರೆ 'ನೀನು ಹಿಂದಕ್ಕೆ ಹಾಕು'. ನಾಲ್ಕರ ಮೇಲೆ ಒಂದು ದೀರ್ಘ ಬಂದರೆ 'ಸಿಕ್ಕಿಬಿದ್ದೆ'. ಐದಾದರೆ 'ಗಮನ'. ಎಣಿಕೆ ತಪ್ಪುವುದು ಸಹಜ. ನಾನು ಇಟ್ಟುಕೊಂಡಿದ್ದ ಲೆಕ್ಕ ಇಷ್ಟೇ: ಮೂರು ದಾಟಿತೋ, ಕೈ ಎಂಜಿನ್ ಹಿಡಿಕೆಗೆ. ನಾಲ್ಕೋ ಐದೋ ಅಂತ ಆಮೇಲೆ ತೀರ್ಮಾನಿಸಿದರೂ ಸರಿ, ಅಷ್ಟರಲ್ಲಿ ವೇಗ ಸ್ವಲ್ಪ ಇಳಿದಿದ್ದರೆ ನಷ್ಟವೇನಿಲ್ಲ. ಪುಸ್ತಕದಲ್ಲಿ ಹೀಗಿಲ್ಲ, ಇದು ನನ್ನ ಅಭ್ಯಾಸ. ನಿಮ್ಮ ಕ್ಯಾಪ್ಟನ್ ಬೇರೆ ಹೇಳಿದರೆ ಅವರ ಮಾತೇ ಅಂತಿಮ.

ಎಸ್ ಜೊತೆ ಇನ್ನೂ ಮೂರು ಸುದ್ದಿ ಅಕ್ಷರಗಳಿವೆ. ಒಂದು ಕಿರುಸದ್ದಿನ ಇ, 'ಬಲಕ್ಕೆ ತಿರುಗುತ್ತಿದ್ದೇನೆ'. ಎರಡು ಕಿರುಸದ್ದಿನ ಐ, 'ಎಡಕ್ಕೆ ತಿರುಗುತ್ತಿದ್ದೇನೆ'. ಎರಡು ದೀರ್ಘದ ಎಮ್, 'ನಿಂತಿದ್ದೇನೆ, ನೀರಿನಲ್ಲಿ ಚಲನೆ ಇಲ್ಲ'. ಇ, ಐ, ಎಸ್ ಮೂರೂ ಕಡಲ ಡಿಕ್ಕಿ ತಡೆ ನಿಯಮಗಳ ಸೊತ್ತು. ಹಾರ್ನಿನಲ್ಲಿ ಕೊಡುವುದಾದರೆ ಆ ನಿಯಮ ಹೇಳಿದ ಸಂದರ್ಭದಲ್ಲಿ ಮಾತ್ರ ಕೊಡಬೇಕು, ಅಭ್ಯಾಸಕ್ಕೆ ಅಂತ ಊದುವ ಹಾಗಿಲ್ಲ. ಐಸ್‌ಬ್ರೇಕರ್ ಜೊತೆಗಿದೆ ಅಂತ ಆ ನಿಯಮಗಳಿಂದ ಯಾರಿಗೂ ವಿನಾಯಿತಿ ಇಲ್ಲ. ರಗಣದ ಕೆ ( – ∪ – ) ಕೇಳಿದರೆ ಸ್ವಲ್ಪ ನಾಚಿಕೆಪಡಿ. 'ರೇಡಿಯೋ ಕೇಳುತ್ತಿರಬೇಕು ಅಂತ ನಿಮಗೆ ನೆನಪಿದೆಯೇ' ಅಂತ ಐಸ್‌ಬ್ರೇಕರ್ ಕಿವಿ ಹಿಂಡುವುದು ಹಾಗೆ.

ಊರಲ್ಲೇ ಅಭ್ಯಾಸ ಮಾಡುವವರಿಗೆ ಒಂದು ಮಾತು. ಮೊಬೈಲ್ ಟಾರ್ಚ್ ಸಾಕು, ಇಬ್ಬರು ಬೇಕು. ಆದರೆ ರಾತ್ರಿ ಕಡಲ ದಂಡೆಗೆ ಹೋಗಿ ಕಡಲಿನತ್ತ ಟಾರ್ಚ್ ಮಿನುಗಿಸಬೇಡಿ. ದೋಣಿಯವರಿಗೆ ಗೊಂದಲ, ಕೋಸ್ಟಲ್ ಪೊಲೀಸರಿಗೆ ಉತ್ತರ ಕೊಡುವುದು ನಿಮಗೆ ಕಷ್ಟ. ಅಂಗಳದ ಈ ತುದಿಯಿಂದ ಆ ತುದಿಗೆ ಮಾಡಿ. ಅಳಿಯ ಮೂರು ದಿನದಲ್ಲಿ ಹನ್ನೆರಡನ್ನೂ ಕಲಿತ. ಬಿ ಮಾತ್ರ ಇನ್ನೂ ತಡವರಿಸುತ್ತಾನೆ.

ನಾಲ್ಕನೆಯ ಹಂತ: ಮಾಡಿ, ಆಮೇಲೆ ಉತ್ತರಿಸಿ

ನನ್ನ ಪ್ರಕಾರ ಇಡೀ ಪಾಠದಲ್ಲಿ ಮುಖ್ಯವಾದದ್ದು ಇದು. ಐಸ್‌ಬ್ರೇಕರ್ ಎಚ್ ಕೊಟ್ಟಿತು. ನೀವು ಎಚ್ ತಿರುಗಿ ಕೊಟ್ಟರೆ ಅದು 'ಕೇಳಿಸಿತು' ಅಂತ ಅಲ್ಲ, 'ನನ್ನ ಎಂಜಿನ್ ಹಿಂದಕ್ಕೆ ತಿರುಗಿಸುತ್ತಿದ್ದೇನೆ' ಅಂತ. ಮುಂದಿನವನು ಅದನ್ನು ನಂಬಿ ತನ್ನ ಹಡಗನ್ನು ತಿರುಗಿಸುತ್ತಾನೆ. ಫೋನಿನಲ್ಲಿ 'ಹೊರಟೆ, ದಾರಿಯಲ್ಲಿದ್ದೇನೆ' ಅಂತ ಹೇಳಿ ಇನ್ನೂ ಪಂಚೆ ಉಡುತ್ತಿರುವವರ ಉತ್ತರ ಇಲ್ಲಿ ನಡೆಯದು. ಮೊದಲು ಹಿಡಿಕೆ ಎಳೆಯಿರಿ, ಎಂಜಿನ್ ಸೂಚಕದ ಮುಳ್ಳು ಹಿಂದಕ್ಕೆ ಹೋದದ್ದನ್ನು ನೋಡಿ, ಆಮೇಲೆ ಊದಿ.

ಒಂದು ಫೆಬ್ರವರಿಯ ರಾತ್ರಿ. ಸಾಲಿನಲ್ಲಿ ನಮ್ಮದು ಎರಡನೆಯ ಹಡಗು, ನಾನು ಲುಕೌಟ್, ಅಂದರೆ ಕಣ್ಣಿಟ್ಟು ಕಾಯುವವನು. ಹಡಗು ನಡೆಸುವ ಕೋಣೆ, ಅಂದರೆ ಬ್ರಿಜ್, ಅದರ ರೆಕ್ಕೆಯ ಬಾಗಿಲು ತೆರೆದು ಹೊರಗೆ ನಿಂತರೆ ಕಣ್ಣೆವೆ ಕಣ್ಣೆವೆಗೆ ಅಂಟುತ್ತಿತ್ತು. ಹಿಮ ಅಡ್ಡಡ್ಡ ಬೀಸುತ್ತಿತ್ತು. ಸರ್ಚ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತೆ, ಆದ್ದರಿಂದ ತಗ್ಗಿಸಿ ಇಟ್ಟಿದ್ದೆವು. ಮುಂದಿನ ಹಡಗಿನ ಹಿಂದೀಪ ಅಕ್ಕಿಕಾಳಿನಷ್ಟು ಬೆಳ್ಳಗೆ. ಅದರಾಚೆ ಎಲ್ಲೋ, ಅದಕ್ಕಿಂತ ಎತ್ತರದಲ್ಲಿ, ಕೆಂಪು ಏನೋ ಒಂದು ಸಲ ಮಿನುಗಿ ಹೋಯಿತು. ಹಿಮದಲ್ಲಿ ಕೆಂಪು ದೀಪ ದೀಪದಂತೆ ಕಾಣುವುದಿಲ್ಲ. ಆ ಕಡೆಯ ಕತ್ತಲೆಗೆ ಕುಂಕುಮದ ನೀರು ಎರಚಿದಂತೆ ಸ್ವಲ್ಪ ಬಣ್ಣ ಬರುತ್ತದೆ, ಹೋಗುತ್ತದೆ. ಎರಡನೆಯ ಸಲ ಬಂದಾಗ ಕೂಗಿದೆ.

ವಾಚ್ ಆಫೀಸರ್ ರೇಡಿಯೋ ಎತ್ತಿಕೊಂಡ. ಐಸ್‌ಬ್ರೇಕರ್ ಏನೋ ಹೇಳಿತು, ಅರ್ಥವಾಗಲಿಲ್ಲ. 'ಸೇ ಅಗೈನ್' ಅಂದ. ಮತ್ತೆ ಹೇಳಿತು, ಮತ್ತೆ 'ಸೇ ಅಗೈನ್'. ಅಷ್ಟು ಹೊತ್ತೂ ಹಿಡಿಕೆ ಮುಂದಕ್ಕೇ ಇತ್ತು. ಕ್ಯಾಪ್ಟನ್ ಒಳಗೆ ಬಂದವರು ಒಂದೂ ಮಾತಾಡದೆ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆ ಎಳೆದರು, ಚುಕ್ಕಾಣಿಯವನಿಗೆ ಮೂತಿಯನ್ನು ಕಾಲುವೆಯ ಅಂಚಿಗೆ ತಾಗಿಸಲು ಹೇಳಿದರು. ಒಡೆಯದ ಗಡ್ಡೆಗೆ ಮೂತಿ ಉಜ್ಜಿ, ಇಡೀ ಹಡಗು ಎತ್ತಿನಗಾಡಿ ಕಲ್ಲು ಹತ್ತಿದ ಹಾಗೆ ಕುಲುಕಿ ನಿಂತಿತು. ಮುಂದಿನ ಹಡಗಿನ ಹಿಂಭಾಗದಲ್ಲಿ ಬರೆದ ಬಂದರಿನ ಹೆಸರನ್ನು ಬರಿಗಣ್ಣಿನಲ್ಲಿ ಓದಬಹುದಿತ್ತು. ಆಮೇಲೆ ಅವರು ಹೇಳಿದ್ದು ಒಂದೇ ಮಾತು: ಕೆಂಪು ಕಂಡರೆ ಮೊದಲು ಎಂಜಿನ್, ಮಾತು ಆಮೇಲೆ.

ಲೆಕ್ಕ ಹಾಕಿ ನೋಡಿ. 8 ನಾಟ್ ವೇಗ ಅಂದರೆ ಸೆಕೆಂಡಿಗೆ 4 ಮೀಟರಿಗಿಂತ ತುಸು ಹೆಚ್ಚು. ನಡುವೆ 500 ಮೀಟರ್ ಇದ್ದರೆ ಮುಂದಿನ ಹಡಗನ್ನು ಮುಟ್ಟಲು ಸುಮಾರು 2 ನಿಮಿಷ. ಎರಡು 'ಸೇ ಅಗೈನ್'ಗೆ 20 ಸೆಕೆಂಡ್ ಕಳೆದರೆ 80 ಮೀಟರ್ ಹೋಯಿತು. ದೊಡ್ಡ ಹಡಗು ಹಿಂದಕ್ಕೆ ಹಾಕಿದ ಮೇಲೂ ಜಾರುತ್ತಲೇ ಇರುತ್ತದೆ. ಐಸ್‌ಬ್ರೇಕರ್ ಹಾಗಲ್ಲ, ದಪ್ಪ ಗಡ್ಡೆಯ ಏರಿಗೆ ತಾಗಿದರೆ ತನ್ನ ಉದ್ದದಷ್ಟರೊಳಗೇ ನಿಂತುಬಿಡಬಹುದು. ಅದು ನಿಲ್ಲುವ ಬೇಗಕ್ಕೂ ನೀವು ನಿಲ್ಲುವ ಬೇಗಕ್ಕೂ ಇರುವ ಈ ವ್ಯತ್ಯಾಸಕ್ಕಾಗಿಯೇ ಕೆಂಪು ದೀಪ, 4, ಎಲ್ ಎಲ್ಲ ಬೇಕಾಗುವುದು.

ಐದನೆಯ ಹಂತ: ಸಾಲಿನಲ್ಲಿ ಇರುವಾಗ

ಎಷ್ಟು ಅಂತರ ಅನ್ನುವುದನ್ನು ಐಸ್‌ಬ್ರೇಕರ್ ಹೇಳುತ್ತದೆ. ಅದನ್ನು ಏರಿಳಿಸದೆ ಕಾಯುವುದು ನಿಮ್ಮ ಕೆಲಸ. ತೀರ ದೂರ ಉಳಿದರೆ ಸೀಳಿದ ಕಾಲುವೆ ನಿಮ್ಮ ಮುಂದೆಯೇ ಮುಚ್ಚಿಕೊಳ್ಳುತ್ತದೆ. ಗಾಳಿಯ ಒತ್ತಡ ಇದ್ದ ದಿನ ನೋಡನೋಡುತ್ತಲೇ ಮುಚ್ಚುತ್ತದೆ. ತೀರ ಹತ್ತಿರ ಹೋದರೆ ಏನಾಗುತ್ತದೆ ಅಂತ ಮೇಲೆ ಬರೆದೆ. ಕ್ಯೂ, ಬಿ ಎರಡೂ ಇದಕ್ಕೇ. ನಿಮ್ಮ ವೇಗ, ಮುಂದಿನವನ ವೇಗ ಎರಡನ್ನೂ ನೋಡುತ್ತಿರಿ.

ಇಲ್ಲಿ ಹೊಸಬರು ಮರೆಯುವುದು ಹಿಂದಿನವನನ್ನು. ನಿಮ್ಮ ವೇಗ ಇಳಿಯತೊಡಗಿದರೆ ಹಿಂದಿನ ಹಡಗಿಗೆ ಗಮನದ ಸಿಗ್ನಲ್ ಕೊಡಬೇಕು ಅಂತ ಸಂಹಿತೆಯೇ ಹೇಳುತ್ತದೆ, ಐದು ಕಿರುಸದ್ದು. ನಿಂತೇ ಹೋದರೆ ಕೆಂಪು ದೀಪ, 4. ಮುಂದಿನವನ ಸಿಗ್ನಲ್‌ಗೆ ಉತ್ತರಿಸುವ ಗಡಿಬಿಡಿಯಲ್ಲಿ ನಿಮ್ಮ ಬೆನ್ನ ಹಿಂದೆ ಬರುತ್ತಿರುವವನಿಗೆ ನೀವೇ ಐಸ್‌ಬ್ರೇಕರ್ ಅನ್ನುವುದು ಮರೆಯಬಾರದು.

ಆರನೆಯ ಹಂತ: ವೈ ಬಂದರೆ ಡೆಕ್ಕಿಗೆ ಓಡಿ

ಇದು ಬೋಸನ್ನನ ಹಂತ. ಕಾಲುವೆ ಒಡೆದರೂ ನಿಮ್ಮ ಹಡಗು ತಾನಾಗಿ ಬರಲಾರದು ಅನ್ನಿಸಿದರೆ ಐಸ್‌ಬ್ರೇಕರ್ ಎಳೆಯಲು ಬರುತ್ತದೆ. ಫಿನ್ಲೆಂಡಿನ ಉರ್ಹೊ, ಸಿಸು ಮುಂತಾದವುಗಳ ಹಿಂಭಾಗದಲ್ಲಿ ವಿ ಆಕಾರದ ಕಚ್ಚು ಇದೆ. ನಿಮ್ಮ ಹಡಗಿನ ಮೂತಿಯನ್ನು ಅದರೊಳಗೆ ಎಳೆದು ಕೂರಿಸಿ ಎರಡನ್ನೂ ಒಂದೇ ಹಡಗಿನಂತೆ ಬಿಗಿಯುತ್ತಾರೆ. ವೈ ಬಂದ ಮೇಲೆ ಮುಂದಿನ ಡೆಕ್ಕಿಗೆ ಹೋಗಿ, ಮೊದಲು ಉಪ್ಪು ಹಾಕಿ ಜಾರುವ ಜಾಗ ಕೆರೆಯಿರಿ, ಹಗ್ಗ ಕಟ್ಟುವ ಗೂಟಗಳ ಮೇಲಿನ ಗಡ್ಡೆ ಒಡೆಯಿರಿ, ಆಮೇಲೆ ಬ್ರಿಜ್‌ಗೆ 'ತಯಾರು' ಅನ್ನಿ. ಅವರು ತಿರುಗಿ ವೈ ಕೊಡುವುದು ಆಗ. ನಿಮ್ಮ 'ತಯಾರು' ಸುಳ್ಳಾದರೆ ಬ್ರಿಜ್‌ನ ವೈ ಕೂಡ ಸುಳ್ಳು. ಹಗ್ಗ ಬಿಗಿಯಾದ ಮೇಲೆ ಅದರ ನೇರಕ್ಕೆ ಯಾರೂ ನಿಲ್ಲಕೂಡದು. ಹಗ್ಗ ಬಿಡುವ ಹೊತ್ತಿಗೂ ಅದೇ ವೈ, ಆದ್ದರಿಂದ ಹಿಡಿಯುವುದೋ ಬಿಡುವುದೋ ಅಂತ ರೇಡಿಯೋದಲ್ಲಿ ಒಮ್ಮೆ ಕೇಳಿಸಿಕೊಳ್ಳಿ.

ಕೊನೆಯ ಹಂತ: ಭಾಷೆ ಮತ್ತೆ ಬದಲಾಗುತ್ತದೆ

ಡಬ್ಲ್ಯೂಒ, ರೇಡಿಯೋದಲ್ಲಿ 'ವಿಸ್ಕಿ ಆಸ್ಕರ್', ದೀಪದಲ್ಲಿ ಮೊದಲು ಯಗಣ, ಆಮೇಲೆ ಮಗಣ ( – – – ). ನೆರವು ಮುಗಿಯಿತು, ನಿಮ್ಮ ದಾರಿ ಹಿಡಿಯಿರಿ ಅಂತ. ಕೆಂಪು ದೀಪದ ಸ್ವಿಚ್ ಆಫ್ ಆಗಿದೆಯೇ ನೋಡಿ, ಹೊತ್ತನ್ನು ಲಾಗಿಗೆ ಹಾಕಿಸಿ, ಹಾರ್ನ್ ಪೈಪಿನ ನೀರು ಇನ್ನೊಮ್ಮೆ ಬಸಿಯಿರಿ. ವಿಎಚ್‌ಎಫ್ ಪಕ್ಕದ ಚೀಟಿಯನ್ನು ತಿರುವಿ ಹಾಕಿ, ಇನ್ನು ಅದರ ಅರ್ಥ ನಡೆಯುವುದಿಲ್ಲ. ಬಂದರಿನ ಬಾಯಲ್ಲಿ ಪೈಲಟ್ ಏಣಿ ಹತ್ತಿ ಬರುತ್ತಾನೆ, ಆಗ ಬಿಳಿ–ಕೆಂಪಿನ ಎಚ್ ಬಾವುಟ ಏರಿಸಿ. ಹಗ್ಗ ಹೆಪ್ಪುಗಟ್ಟಿರುತ್ತದೆ, ಕೈಗವಸು ಬಿಚ್ಚಬೇಡಿ.